ಬಿಬಿಬಿ ಗ್ರೇಡಿನ ಕೋಲಾ

ಇದನ್ನು ಬರೆಯುವಾಗಲೂ ನಾಲಿಗೆಯ ಮೇಲೆ ಆ ಸಿಹಿ ಕೂತೇ ಇದೆ. ಕುಡಿದದ್ದು ನಿನ್ನೆ ಸಂಜೆ. ಆಮೇಲೆ ಎರಡು ಸಲ ಹಲ್ಲುಜ್ಜಿದ್ದೇನೆ, ರಾತ್ರಿ ಪಂದಿಕರಿಯನ್ನೂ ತಿಂದಿದ್ದೇನೆ. ಅದಕ್ಕೆ ಹಾಕುವ ಕಾಚಂಪುಳಿಯ ಹುಳಿಗೂ ಜಗ್ಗದ ಸಿಹಿ ಎಂದರೆ ಅದೆಂಥ ಸಿಹಿ ಮಾರಾಯ್ರೆ!

ನಿನ್ನೆ ಶುಕ್ರವಾರ, ಮಡಿಕೇರಿ ಸಂತೆ. ಸೊಪ್ಪು, ಒಣಮೀನು ತಗೊಂಡು ಹೊರಟಾಗ ಮಳೆ ಹಿಡಿಯಿತು. ಕೊಡೆ ಜೀಪಿನಲ್ಲಿ, ಜೀಪು ಏರಿನ ತುದಿಯಲ್ಲಿ. ಹತ್ತಿರದ ಸೂಪರ್ ಮಾರ್ಕೆಟ್ಟಿಗೆ ನುಗ್ಗಿದೆ. ಸುಮ್ನೆ ನಿಂತರೆ ಅಲ್ಲಿಯ ಹುಡುಗ 'ಏನ್ ಬೇಕು ಸರ್' ಎಂದು ಮೂರು ಸಲ ಕೇಳಿದ. ಮರ್ಯಾದೆಗಾದರೂ ಏನಾದರೂ ಕೊಳ್ಳಬೇಕಲ್ವಾ? ಅಂಗಡಿಯವರದೇ ಹೆಸರಿನ ಡಯಟ್ ಕೋಲಾ ಕಣ್ಣಿಗೆ ಬಿತ್ತು. ಒಂದು ಕೊಂಡರೆ ಇನ್ನೊಂದು ಫ್ರೀ.

ಹೋದ ತಿಂಗಳು ಶುಗರ್ ಟೆಸ್ಟ್ ಆದಮೇಲೆ ನನ್ನ ಹೆಂಡತಿ ಮಾಮೂಲಿ ಕೋಲಾಕ್ಕೆ ಬಾಗಿಲು ಹಾಕಿದ್ದಾಳೆ. 300 ಎಂಎಲ್‌ನಲ್ಲಿ 30 ಗ್ರಾಂಗಿಂತ ಜಾಸ್ತಿ ಸಕ್ಕರೆ ಎಂದು ಏಳೆಂಟು ಚಮಚ ಅಳೆದು ತಟ್ಟೆಗೆ ಸುರಿದೇ ತೋರಿಸಿದ್ದಳು. ಇದರಲ್ಲಾದರೆ ಸಕ್ಕರೆ ಸೊನ್ನೆ. ಗೆದ್ದೆ ಅಂದುಕೊಂಡೆ.

ಮನೆಗೆ ಬಂದರೆ ಜಗಲಿಯಲ್ಲಿ ದೊಡ್ಡಪ್ಪ.

ದೊಡ್ಡಪ್ಪನಿಗೆ ಕಾಫಿ ಕ್ಯೂರಿಂಗ್‌ನಲ್ಲಿ ಕೆಲಸವಿತ್ತು, ರುಚಿ ನೋಡಿ ಗ್ರೇಡ್ ಹೇಳುವುದು. ರಿಟೈರ್ ಆದದ್ದು ಕೆಲಸದಿಂದ ಮಾತ್ರ, ನಾಲಿಗೆ ಇನ್ನೂ ಸರ್ವಿಸ್‌ನಲ್ಲಿದೆ. ಮದುವೆಮನೆಯ ಸಾರನ್ನೂ ಚಮಚದಲ್ಲಿ ಸೊರ್ರೆಂದು ಎಳೆಯುತ್ತಾರೆ. ಪಕ್ಕದ ಸಾಲಿನವರು ತಿರುಗಿ ನೋಡುತ್ತಾರೆ, ನಾವು ಎಲೆ ನೋಡುತ್ತೇವೆ.

ಮೊದಲು ಬಾಟ್ಲಿಯ ಮೇಲಿನದನ್ನು ಓದಿದರು. "951, 950, 338, 150ಡಿ... ಇದೇನು, ಸರ್ವೆ ನಂಬರಾ?"

338 ಅಂದರೆ ಫಾಸ್ಫಾರಿಕ್ ಆಸಿಡ್, 951 ಅಂದರೆ ಆಸ್ಪರ್ಟೇಮ್, ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ ಎಂದೆ. 1965ರಲ್ಲಿ ಅಮೆರಿಕದಲ್ಲಿ ಅಲ್ಸರ್‌ಗೆ ಮದ್ದು ಹುಡುಕುತ್ತಿದ್ದವನೊಬ್ಬ ಕಾಗದ ಎತ್ತಲು ಬೆರಳು ನೆಕ್ಕಿದಾಗ ಗೊತ್ತಾದದ್ದಂತೆ ಇದರ ಸಿಹಿ. "ನಾನು ಐವತ್ತು ವರ್ಷದಿಂದ ಬೆರಳು ನೆಕ್ಕಿಯೇ ಪೇಪರ್ ಓದ್ತಿದ್ದೇನೆ. ಮಸಿ ಬಿಟ್ಟರೆ ಏನೂ ಸಿಕ್ಕಿಲ್ಲ" ಎಂದರು.

ನಾನು ಬಾಟ್ಲಿಯನ್ನು ಫ್ರಿಜ್ಜಿಗೆ ಇಡಲು ಹೊರಟರೆ ಬಿಡಲಿಲ್ಲ. ತಣ್ಣಗೆ ಮಾಡಿದರೆ ಎಂಥ ಕಳಪೆ ಮಾಲೂ ಪಾಸಾಗುತ್ತದಂತೆ. ಮೂರು ಪಿಂಗಾಣಿ ಬಟ್ಟಲು ತರಿಸಿದರು. ಒಂದೇ ಬಾಟ್ಲಿಗೆ ಮೂರು ಯಾಕೆ ಅಂದರೆ "ಒಂದು ಬಟ್ಟಲು ಸುಳ್ಳು ಹೇಳಬಹುದು" ಎಂದರು. ಕಣ್ಣು ಮುಚ್ಚಿ ಮೂರನ್ನೂ ಮೂಸಿದರು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಚಮಚ ಅದ್ದಿ, ಇಡೀ ವಠಾರಕ್ಕೆ ಕೇಳುವಂತೆ ಸೊರ್ರ್ ಎಂದು ಎಳೆದರು.

ಕಾಫಿಯಲ್ಲಿ ಗ್ಯಾಸ್ ಇರುವುದಿಲ್ಲ. ಇದರಲ್ಲಿತ್ತು. ಅದು ನೇರ ಮೂಗಿಗೆ ಹತ್ತಿತು. ದೊಡ್ಡಪ್ಪ ಸೀನಿದರು, ಕೆಮ್ಮಿದರು, ಕಣ್ಣಲ್ಲಿ ನೀರು. ಅಷ್ಟರಲ್ಲೂ ಕಸುಬು ಬಿಡಲಿಲ್ಲ, ರುಚಿ ನೋಡಿದ್ದನ್ನು ನುಂಗುವಂತಿಲ್ಲವಲ್ಲ. ಉಗಿಯಲು ಜಾಗ ಹುಡುಕಿ ನನ್ನ ಹೆಂಡತಿಯ ಆಂಥೂರಿಯಂ ಕುಂಡಕ್ಕೇ ಉಗಿದರು. ಅವಳು ಒಳಗಿನಿಂದ ನೋಡಿದಳು. ಬೈಗುಳ ಬಂದದ್ದು ನನಗೆ, ಬಾಟ್ಲಿ ತಂದವನು ನಾನಲ್ವಾ.

ಕಣ್ಣೊರೆಸಿಕೊಂಡು ದೊಡ್ಡಪ್ಪ ತೀರ್ಪು ಕೊಟ್ಟರು: "ಬಿಬಿಬಿ."

ನಮ್ಮ ಕಡೆ ಬೇರೆ ವಿವರಣೆ ಬೇಡ. ಕಪ್ಪು, ಕಂದು, ಚೂರು ಬೀಜ, ಆರಿಸಿ ಉಳಿದದ್ದಕ್ಕೆ ಕೊಡುವ ಗ್ರೇಡು ಅದು.

ನಾನೂ ಒಂದು ಲೋಟ ಕುಡಿದೆ. ಮೊದಲ ಗುಟುಕು ಪರವಾಗಿಲ್ಲ. ನುಂಗಿದ ಮೇಲೆ ಶುರು. ಸಿಹಿ ಬಂದದ್ದು ತಡವಾಗಿ, ಬಂದಮೇಲೆ ಹೋಗಲೇ ಇಲ್ಲ. ಕಕ್ಕಡ ತಿಂಗಳ ಜಡಿಮಳೆಗೆ ಸಿಕ್ಕಿಬಿದ್ದ ನೆಂಟರ ಹಾಗೆ.

ಅಜ್ಜಿ ತೋಟದ ಕಿತ್ತಳೆಯಲ್ಲಿ ಸ್ಕ್ವಾಷ್ ಮಾಡುತ್ತಿದ್ದರು. ಹಳೆ ಬ್ರಾಂದಿ ಬಾಟ್ಲಿಯಲ್ಲಿ ತುಂಬಿಸಿ, ಬೆಂಡು ಜಡಿದು, ಅಟ್ಟದಲ್ಲಿ ಇಡುತ್ತಿದ್ದರು. ಸಕ್ಕರೆ ಎಷ್ಟು ಹಾಕುತ್ತಿದ್ದರೋ, ಕೇಳುವವರಿರಲಿಲ್ಲ. ಈಗ ಆ ಗಿಡಗಳೂ ಇಲ್ಲ. ಇದ್ದ ಜಾಗದಲ್ಲಿ ಕಾಳುಮೆಣಸು ಹಬ್ಬಿದೆ. ಈ ಬಾಟ್ಲಿಯ ಮೇಲೋ, 'ಇದರಲ್ಲಿ ಹಣ್ಣು ಇಲ್ಲ' ಎಂದು ಸ್ಪಷ್ಟವಾಗಿ ಬರೆದಿದೆ. ಪ್ರಾಮಾಣಿಕರು, ಪಾಪ.

ಹೊರಡುವಾಗ ದೊಡ್ಡಪ್ಪ ಫ್ರೀ ಬಾಟ್ಲಿಯನ್ನು ಕಂಕುಳಲ್ಲಿ ಇಟ್ಟುಕೊಂಡರು. ಕುಡಿಯಲಿಕ್ಕಾ ಎಂದರೆ ನಕ್ಕರು.

ಇವತ್ತು ಬೆಳಿಗ್ಗೆ ಫೋನು. ತುಕ್ಕು ಹಿಡಿದಿದ್ದ ಕಾಡುಕತ್ತಿಯನ್ನು ರಾತ್ರಿಯೆಲ್ಲ ಅದರಲ್ಲಿ ನೆನೆಸಿಟ್ಟಿದ್ದರಂತೆ. ಉಜ್ಜಿದರೆ ತುಕ್ಕೆಲ್ಲ ಹೋಗಿ ಫಳಫಳ.

"338 ಒಳ್ಳೆ ಮಾಲು ಮಾರಾಯ" ಎಂದರು. "ಆ ಆಫರ್ ಇನ್ನೂ ಉಂಟಾ ನೋಡು. ಗುದ್ದಲಿ, ಹಾರೆ ಎಲ್ಲ ಬಾಕಿ ಇದೆ."