ಕವಿತೆಗೆ ಕುರ್ಚಿ ಹಾಕುವ ನಾಡಿನಿಂದ

2024ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಿಂದ ರೈಲು ಹತ್ತಿ ಪಾಂಟಿಪ್ರೀದ್‌ಗೆ ಹೋಗಿದ್ದೆ. ಆ ವರ್ಷದ ರಾಷ್ಟ್ರೀಯ ಐಸ್ಟೆದ್‌ವೊಡ್ ಅಲ್ಲಿತ್ತು. ವೆಲ್ಶ್ ನುಡಿಯ ದೊಡ್ಡ ಜಾತ್ರೆ ಅದು, ನಮ್ಮ ಸಾಹಿತ್ಯ ಸಮ್ಮೇಳನದ ಹಾಗೆ ವರ್ಷಕ್ಕೊಂದು ಊರಿಗೆ ಹೋಗುತ್ತದೆ. ಶುಕ್ರವಾರದ ಮಧ್ಯಾಹ್ನ ವೇದಿಕೆಯ ಮೇಲೆ ಒಂದು ಮರದ ಕುರ್ಚಿ ಇಟ್ಟಿದ್ದರು. ಅದು ಮಂತ್ರಿಗಾಗಲಿ ಅಧ್ಯಕ್ಷರಿಗಾಗಲಿ ಅಲ್ಲ. ಆ ವರ್ಷದ ಅತ್ಯುತ್ತಮ ಛಂದೋಬದ್ಧ ಕವಿತೆ ಬರೆದವರಿಗೆ.

ಕವಿ ಯಾರೆಂದು ತೀರ್ಪುಗಾರರಿಗೇ ಗೊತ್ತಿರುವುದಿಲ್ಲ. ಎಲ್ಲರೂ ಗುಪ್ತನಾಮದಲ್ಲಿ ಕಳಿಸಿರುತ್ತಾರೆ. ಮೊದಲು ವಿಮರ್ಶೆ ಓದುತ್ತಾರೆ, ಆಮೇಲೆ ಗೆದ್ದ ಗುಪ್ತನಾಮ ಕರೆಯುತ್ತಾರೆ. ಕಹಳೆ ಮೊಳಗುತ್ತದೆ, ಬೆಳಕು ಜನರ ನಡುವೆ ಹುಡುಕುತ್ತದೆ, ಎಲ್ಲೋ ಒಬ್ಬರು ಎದ್ದು ನಿಲ್ಲುತ್ತಾರೆ. ಆ ದಿನ ಎದ್ದವರು ಕಾರ್ವಿನ್ ಎಕ್ಲಿ. ತೀರಿಹೋದ ತಂದೆಯ ನೆನಪಿನಲ್ಲಿ ಬರೆದ ಕವಿತೆಗಳು ಅವರವು. ಕುರ್ಚಿಯ ಮುಂದೆ ಕತ್ತಿಯನ್ನು ಒರೆಯಿಂದ ಅರ್ಧ ಎಳೆದು, ಶಾಂತಿ ಇದೆಯೇ ಎಂದು ಮೂರು ಸಲ ಕೇಳುತ್ತಾರೆ. ಸಭೆಯೆಲ್ಲ ‘ಹೆದುಖ್’, ಶಾಂತಿ, ಎಂದು ಕೂಗುತ್ತದೆ. ಅನುವಾದದ ಇಯರ್‌ಫೋನ್ ತೆಗೆದಿಟ್ಟು ನಾನೂ ಕೂಗಿದೆ. ಗಂಟಲು ಕಟ್ಟಿತ್ತು.

1917ರಲ್ಲಿ ಬರ್ಕನ್‌ಹೆಡ್‌ನಲ್ಲಿ ಹೀಗೇ ಕರೆದಾಗ ಯಾರೂ ಏಳಲಿಲ್ಲವಂತೆ. ಹೆದ್ ವಿನ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಆ ಕುರಿಗಾಹಿ ಕವಿ ಜುಲೈ 31ರಂದೇ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಸತ್ತಿದ್ದ. ಖಾಲಿ ಕುರ್ಚಿಗೆ ಕಪ್ಪು ಬಟ್ಟೆ ಹೊದಿಸಿದರು. ವೇಲ್ಸ್‌ನಲ್ಲಿ ಇಂದಿಗೂ ಈ ಕಥೆ ಮನೆಮಾತು.

ಕುರ್ಚಿಯ ಕವಿತೆಗೆ ‘ಕಂಗ್‌ಹಾನೆದ್’ ಎಂಬ ನಾದದ ನಿಯಮ ಕಡ್ಡಾಯ. ಅದರ ಒಂದು ಬಗೆಯಲ್ಲಿ ಸಾಲಿನ ಮೊದಲರ್ಧದ ವ್ಯಂಜನಗಳೇ ಅದೇ ಕ್ರಮದಲ್ಲಿ ಎರಡನೆಯರ್ಧದಲ್ಲಿ ಮರಳಬೇಕು. ಪಾದದ ಎರಡನೆಯ ಅಕ್ಷರದ ಪ್ರಾಸಕ್ಕೆ ಒಗ್ಗಿದ ಕನ್ನಡದ ಕಿವಿಗೆ ಈ ಹಟ ಹೊಸತಲ್ಲ. ಗೋವಿಂದ ಪೈಗಳು ನೂರು ವರ್ಷಗಳ ಹಿಂದೆಯೇ ಆ ಪ್ರಾಸವನ್ನು ಬಿಟ್ಟರು, ಕನ್ನಡ ಕವಿತೆಗೆ ಉಸಿರಾಟ ಸಲೀಸಾಯಿತು. ಅದು ಸರಿಯಾದ ಕೆಲಸವೇ. ಆದರೆ ವೆಲ್ಶ್ ಜನ ಹಳೆಯದನ್ನು ಬಿಡದೆ ಮುಕ್ತ ಛಂದಸ್ಸಿಗೆ ಬೇರೆಯದೇ ಕಿರೀಟ ಇಟ್ಟರು. ನಮ್ಮಲ್ಲಿ ಇಂದು ಷಟ್ಪದಿಯಲ್ಲಿ ಬರೆಯುವ ಹುಡುಗಿಯೊಬ್ಬಳು ಇದ್ದರೆ ಅವಳು ಎಲ್ಲಿಗೆ ಹೋಗಬೇಕು?

ವೆಲ್ಶ್ ನುಡಿಯನ್ನಾಡುವವರು 2021ರ ಜನಗಣತಿಯಂತೆ ವೇಲ್ಸ್‌ನಲ್ಲಿ ಸುಮಾರು 5.38 ಲಕ್ಷ. 2011ರ ಕೊಡಗು ಜಿಲ್ಲೆಯ ಜನಸಂಖ್ಯೆಯಷ್ಟೂ ಇಲ್ಲ. ಅದೂ ಇಳಿಯುತ್ತಿದೆ. ಹೋರಾಟ ಇವರಿಗೂ ಗೊತ್ತು. ಇಂಗ್ಲಿಷ್ ಮಾತ್ರವಿದ್ದ ರಸ್ತೆ ಫಲಕಗಳನ್ನು ಕಿತ್ತು ಜೈಲಿಗೆ ಹೋದವರಿದ್ದಾರೆ. ವೆಲ್ಶ್ ವಾಹಿನಿ ಕೊಡುವ ಮಾತಿಗೆ ಸರ್ಕಾರ ತಪ್ಪಿದಾಗ, 1980ರಲ್ಲಿ ವೆಲ್ಶ್ ರಾಷ್ಟ್ರೀಯವಾದಿ ನಾಯಕ ಗ್ವಿನ್‌ವರ್ ಎವಾನ್ಸ್ ಆಮರಣ ಉಪವಾಸ ಕೂರುವೆನೆಂದರು. ಸರ್ಕಾರ ಬಗ್ಗಿತು. ಆ ವಾಹಿನಿ ಶುರುವಾದದ್ದು 1982ರ ನವೆಂಬರ್ 1ರಂದು. ನಮ್ಮ ರಾಜ್ಯೋತ್ಸವದ ದಿನ, ಗೋಕಾಕ್ ಚಳವಳಿಯ ವರ್ಷ. ಇದನ್ನು ಮೊದಲು ಓದಿದಾಗ ಎದ್ದು ಹೋಗಿ ಮನೆಯವರಿಗೆಲ್ಲ ಹೇಳಿದ್ದೆ.

ಹಾಗಾಗಿ ನಾಮಫಲಕದಲ್ಲಿ ಶೇ 60 ಕನ್ನಡ ಬೇಕೆಂದು ಬೆಂಗಳೂರಿನಲ್ಲಿ ಬೀದಿಗಿಳಿದವರನ್ನು ನಾನು ಹಗುರವಾಗಿ ನೋಡಲಾರೆ. ಕಾರ್ಡಿಫ್‌ನ ರಸ್ತೆಯ ಮೇಲೆ ದೊಡ್ಡದಾಗಿ ‘ಆರಾವ್’, ನಿಧಾನ, ಎಂದು ಬರೆದಿರುವುದನ್ನು ದಿನವೂ ನೋಡುವವನಿಗೆ ಫಲಕದ ಬೆಲೆ ಗೊತ್ತು. ನನ್ನ ಸಂಕಟ ಬೇರೆ. ಫಲಕದ ಜಗಳಕ್ಕೆ ಸೇರುವ ಜನ, ಕ್ಯಾಮೆರಾ, ರಾಜಕಾರಣಿ, ಯಾರೂ ಕವಿತೆಯ ಹತ್ತಿರ ಸುಳಿಯುವುದಿಲ್ಲ. ಊರಿಗೆ ಬಂದಾಗ ಒಮ್ಮೆ ಒಂದು ಕವಿಗೋಷ್ಠಿಗೆ ಹೋಗಿದ್ದೆ. ಗಣ್ಯರ ಭಾಷಣ ಮುಗಿಯುವ ಹೊತ್ತಿಗೆ ಊಟದ ಸಮಯವಾಗಿತ್ತು. ಕವಿಗಳಿಗೆ ತಲಾ ಮೂರು ನಿಮಿಷ. ಒಬ್ಬ ಹುಡುಗ ಕೊನೆಯ ನುಡಿ ಓದುವ ಮೊದಲೇ ಮೈಕಿನಲ್ಲಿ ಮುಂದಿನ ಹೆಸರು ಕರೆದರು. ಕಾಗದ ಮಡಚಿಕೊಂಡು ಇಳಿದು ಹೋದ ಅವನ ಮುಖ ನನಗೆ ಮರೆತಿಲ್ಲ.

ನಮ್ಮದರಲ್ಲಿ ದೊಡ್ಡದು ಇಲ್ಲವೆಂದಲ್ಲ. ಐಸ್ಟೆದ್‌ವೊಡ್‌ಗೆ ಟಿಕೆಟ್ ಕೊಳ್ಳಬೇಕು. ನಮ್ಮ ಸಮ್ಮೇಳನದ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ, ಸಾವಿರಾರು ಜನಕ್ಕೆ ಊಟ ಬಡಿಸುತ್ತಾರೆ, ರೈತರು ಪುಸ್ತಕ ಕೊಂಡು ಚೀಲದಲ್ಲಿ ಹೊತ್ತೊಯ್ಯುತ್ತಾರೆ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಇಲ್ಲಿಯ ಸಹೋದ್ಯೋಗಿಗಳು ಕನ್ನಡ ಎಂಥ ಭಾಷೆ ಎಂದು ಕೇಳಿದರು. ಒಂದೂವರೆ ಸಾವಿರ ವರ್ಷದ ಬರಹ ಇರುವ ಭಾಷೆ ಎಂದು ಹೇಳುವಾಗ ನನ್ನ ದನಿ ಏರಿತ್ತು.

ಆದರೆ ನಾವು ಮೆರವಣಿಗೆ ಮಾಡುವುದು ವ್ಯಕ್ತಿಯನ್ನು. ಹಿರಿಯರನ್ನು ರಥದಲ್ಲಿ ಕೂರಿಸುವುದು ಚೆಂದವೇ, ಅದು ಇರಲಿ. ಅದರ ಪಕ್ಕದಲ್ಲಿ ಹೆಸರಿಲ್ಲದ ಒಂದು ಕವಿತೆಗೂ ಜಾಗ ಮಾಡೋಣ ಎನ್ನುತ್ತೇನೆ. ಒಂದು ವರ್ಷ ಮೊದಲೇ ವಸ್ತು ಕೊಡಲಿ. ಗುಪ್ತನಾಮದಲ್ಲಿ ಬರಲಿ. ಜಾತಿ, ಊರು, ಗುಂಪು, ಶಿಫಾರಸು ಯಾವುದೂ ಕಾಣದ ಲಕೋಟೆಯಲ್ಲಿ ಬರಲಿ. ಕುರ್ಚಿಯನ್ನು ಸಾಗರದ ಗುಡಿಗಾರರೋ ಕಿನ್ನಾಳದ ಕುಶಲಕರ್ಮಿಗಳೋ ಮಾಡಲಿ. ಮುಖ್ಯಮಂತ್ರಿಗಳು ಕೆಳಗೆ ಕೂತು ನೋಡಲಿ. ಯೋಗ್ಯವಾದದ್ದು ಬರದ ವರ್ಷ ವೇಲ್ಸ್‌ನಲ್ಲಿ ಕುರ್ಚಿಯನ್ನು ಯಾರಿಗೂ ಕೊಡುವುದಿಲ್ಲ. ನಮ್ಮಲ್ಲೂ ಹಾಗಾದರೆ, ಖಾಲಿ ಕುರ್ಚಿಯನ್ನು ತೋರಿಸಿ, ಈ ವರ್ಷ ಯಾರೂ ಇಲ್ಲ ಎಂದು ವೇದಿಕೆಯಿಂದಲೇ ಹೇಳಲಿ.