ಮಾಮ, ಇವನು ಮನುಷ್ಯ ಅಲ್ಲ

ಹೋದ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಊಟ ಆದ ಮೇಲೆ ಅವಳ ಮಗ ಮೊಬೈಲಿನಲ್ಲಿ ಮೂರು ನಿಮಿಷದ ಚೆಸ್ ಆಡುತ್ತಿದ್ದ. ಇಡೀ ಆಟಕ್ಕೆ ಒಬ್ಬೊಬ್ಬರಿಗೆ ಮೂರೇ ನಿಮಿಷ. ಹದಿಮೂರು ವರ್ಷದ ಹುಡುಗ, ಚೆನ್ನಾಗಿ ಆಡುತ್ತಾನೆ. ಇದ್ದಕ್ಕಿದ್ದಂತೆ ಮೊಬೈಲನ್ನು ದಿವಾನದ ಮೇಲೆ ಎಸೆದ. "ಮಾಮ, ಇವನು ಮನುಷ್ಯ ಅಲ್ಲ. ಇಂಜಿನ್ ಇಟ್ಕೊಂಡು ಆಡ್ತಿದ್ದಾನೆ. ರಿಪೋರ್ಟ್ ಹಾಕ್ತೀನಿ" ಅಂದ. ಅಳು ಗಂಟಲಿಗೆ ಬಂದಿತ್ತು. ಇಂಜಿನ್ ಅಂದರೆ ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ. ಎದುರಾಳಿ ಅದನ್ನು ಕದ್ದು ನೋಡಿ ಆಡುತ್ತಿದ್ದಾನೆ ಅನ್ನುವುದು ಹುಡುಗನ ದೂರು.

"ಹಾಕೋಣ ಕಣೋ, ಮೊದಲು ಆಟ ನೋಡೋಣ ಬಾ" ಅಂತ ಪಕ್ಕದಲ್ಲಿ ಕೂರಿಸಿಕೊಂಡೆ. ಒಂದೊಂದೇ ನಡೆ ನೋಡುತ್ತಾ ಹೋದೆವು. ಹನ್ನೊಂದನೇ ನಡೆಯಲ್ಲಿ ಎದುರಾಳಿ ಕುದುರೆಯನ್ನು ಕಾವಲಿಲ್ಲದೆ ಬಿಟ್ಟಿದ್ದ. ಅದು ನಮ್ಮ ಹುಡುಗನ ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲೆ ಎದುರಾಳಿಗೆ ಎರಡೇ ನಡೆಯಲ್ಲಿ ಮೇಟ್, ಅಂದರೆ ರಾಜನನ್ನು ಕಟ್ಟಿಹಾಕಿ ಗೆಲುವು, ಸಿಗುತ್ತಿತ್ತು. ಅವನಿಗೆ ಅದು ಕಾಣದೆ ಆನೆ ಹೊಡೆದುಕೊಂಡಿದ್ದ. ಅವನು ತೆಗೆದುಕೊಂಡ ಸಮಯವನ್ನೂ ನೋಡಿದೆವು. ಹೊಡೆದ ಕಾಯಿಗೆ ತಿರುಗಿ ಹೊಡೆಯುವಾಗ ಅರ್ಧ ಸೆಕೆಂಡ್. ಕಷ್ಟದ ಜಾಗ ಬಂದಾಗ ಹದಿನಾಲ್ಕು ಸೆಕೆಂಡ್. "ಇಂಜಿನ್ ಹೀಗೆ ಆಡುತ್ತಾ?" ಅಂತ ಕೇಳಿದೆ. ಹುಡುಗ ಮಾತಾಡಲಿಲ್ಲ.

ಅವತ್ತಿನಿಂದ ಇದು ತಲೆಯಲ್ಲೇ ಕೂತಿದೆ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಆನ್‌ಲೈನ್ ಚೆಸ್ ಶುರು ಮಾಡಿದ್ದು ಇಪ್ಪತ್ತು ವರ್ಷದ ಹಿಂದೆ, ಇಂಟರ್ನೆಟ್ ಚೆಸ್ ಕ್ಲಬ್‌ನಲ್ಲಿ. ಅಲ್ಲಿ ಕಂಪ್ಯೂಟರ್ ಖಾತೆಗಳ ಹೆಸರಿನ ಪಕ್ಕ 'ಸಿ' ಅಂತ ಗುರುತು ಇರುತ್ತಿತ್ತು. ಬೇಕಾದವರು ಅದರ ಜೊತೆ ಆಡುತ್ತಿದ್ದರು, ಬೇಡದವರು ಬಿಡುತ್ತಿದ್ದರು. ಎದುರಿಗೆ ಇರುವುದು ಯಾರು ಅಂತ ಗೊತ್ತಿದ್ದೇ ಆಟಕ್ಕೆ ಕೂರುತ್ತಿದ್ದೆವು.

ಜನ ಮನುಷ್ಯ-ಕಂಪ್ಯೂಟರ್ ಚೆಸ್ ಅಂದ ಕೂಡಲೇ 1997ರ ನ್ಯೂಯಾರ್ಕ್ ನೆನೆಯುತ್ತಾರೆ. ಐಬಿಎಂ ಕಂಪನಿಯ ಡೀಪ್ ಬ್ಲೂ ಕಂಪ್ಯೂಟರ್ ಆಗ ವಿಶ್ವ ಚಾಂಪಿಯನ್ ಕಾಸ್ಪರೋವ್‌ನನ್ನು ಮೂರೂವರೆ-ಎರಡೂವರೆ ಅಂಕಗಳಿಂದ ಸೋಲಿಸಿತು. ಆದರೆ ವೇಗದ ಆಟದಲ್ಲಿ ಕೋಟೆ ಮೂರು ವರ್ಷ ಮೊದಲೇ ಬಿರುಕು ಬಿಟ್ಟಿತ್ತು. 1994ರ ಮೇ ತಿಂಗಳಲ್ಲಿ ಮ್ಯೂನಿಕ್‌ನ ಬ್ಲಿಟ್ಜ್, ಅಂದರೆ ಕೆಲವೇ ನಿಮಿಷದ ಆಟಗಳ, ಪಂದ್ಯಾವಳಿಯಲ್ಲಿ ಫ್ರಿಟ್ಜ್ ಅನ್ನುವ ಪ್ರೋಗ್ರಾಂ ಕಾಸ್ಪರೋವ್ ಜೊತೆ ಮೊದಲ ಸ್ಥಾನ ಹಂಚಿಕೊಂಡಿತು. ಟೈಬ್ರೇಕ್‌ನಲ್ಲಿ ಕಾಸ್ಪರೋವ್ ಗೆದ್ದ, ಅದು ಬೇರೆ ಮಾತು. ಅದೇ ವರ್ಷ ಆಗಸ್ಟ್‌ನಲ್ಲಿ, ಬ್ಲಿಟ್ಜ್‌ಗಿಂತ ಸ್ವಲ್ಪ ಹೆಚ್ಚು ಸಮಯ ಸಿಗುವ ಲಂಡನ್ನಿನ ರ‍್ಯಾಪಿಡ್ ಪಂದ್ಯಾವಳಿಯಿಂದ ಚೆಸ್ ಜೀನಿಯಸ್ ಅನ್ನುವ ಪ್ರೋಗ್ರಾಂ ಅವನನ್ನು ಹೊರಗೇ ಹಾಕಿತು. ಕಾರಣ ಸುಲಭ. ಸಮಯ ಕಡಿಮೆ ಆದಷ್ಟೂ ಮನುಷ್ಯನ ಕಣ್ಣು ತಪ್ಪುತ್ತದೆ. ಯಂತ್ರದ ಕಣ್ಣು ತಪ್ಪುವುದಿಲ್ಲ.

ಆದರೆ ಆನ್‌ಲೈನ್‌ನಲ್ಲಿ ಆಮೇಲೆ ನಡೆದದ್ದು ನನಗೆ ಇವತ್ತಿಗೂ ರೋಮಾಂಚನ. 2008ರಲ್ಲಿ ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಹಿಕಾರು ನಕಮುರಾ ಅದೇ ಇಂಟರ್ನೆಟ್ ಚೆಸ್ ಕ್ಲಬ್‌ನಲ್ಲಿ ರಿಬ್ಕಾ ಎದುರು ಮೂರು ನಿಮಿಷದ ಆಟ ಆಡಿದ. ಆಗ ಜಗತ್ತಿನ ಅತಿ ಬಲವಾದ ಪ್ರೋಗ್ರಾಂಗಳಲ್ಲಿ ರಿಬ್ಕಾ ಒಂದು. ನಕಮುರಾ ಇಪ್ಪತ್ತು ವರ್ಷದ ಹುಡುಗ. ಅವನು ಮೊದಲು ಮಾಡಿದ ಕೆಲಸ ಬೋರ್ಡಿಗೆ ಬೀಗ ಹಾಕಿದ್ದು. ಕಾಲಾಳುಗಳೆಲ್ಲ ಒಂದಕ್ಕೊಂದು ಎದುರಾಗಿ ಸಿಕ್ಕಿಹಾಕಿಕೊಂಡವು. ದಾರಿಯೇ ಇಲ್ಲ. ಆಮೇಲೆ ಬೇಕಂತಲೇ ಆನೆ ಕೊಟ್ಟು ಸಣ್ಣ ಕಾಯಿ ತೆಗೆದುಕೊಂಡ. ಲೆಕ್ಕದಲ್ಲಿ ಈಗ ರಿಬ್ಕಾ ಮುಂದೆ.

ಇನ್ನು ಅವನು ಏನೂ ಮಾಡಲಿಲ್ಲ. ಕಾಯಿಯನ್ನು ಆ ಮನೆಗೆ, ಮತ್ತೆ ಈ ಮನೆಗೆ, ಅಷ್ಟೇ. ನಡೆಗಳು ನೂರು ದಾಟಿದವು. ಚೆಸ್‌ನಲ್ಲಿ ಐವತ್ತು ನಡೆಗಳ ನಿಯಮ ಇದೆ ಅಲ್ವಾ? ಐವತ್ತು ನಡೆ ಯಾರೂ ಕಾಲಾಳು ಮುಂದೆ ಇಡದೆ, ಏನೂ ಹೊಡೆಯದೆ ಇದ್ದರೆ ಆಟ ಡ್ರಾ. ರಿಬ್ಕಾಗೆ ಡ್ರಾ ಬೇಡ. ತಾನು ಗೆಲ್ಲುತ್ತಿದ್ದೇನೆ ಅನ್ನುವುದು ಅದರ ಲೆಕ್ಕ. ಹಾಗಾಗಿ ಡ್ರಾ ತಪ್ಪಿಸಲು ತನ್ನದೇ ಕಾಲಾಳನ್ನು ತಳ್ಳಿ, ತನ್ನದೇ ಗೋಡೆ ಒಡೆದುಕೊಂಡಿತು. ನಕಮುರಾ ಕಾದು ಕೂತಿದ್ದದ್ದು ಅದಕ್ಕೇ. 271 ನಡೆಗಳ ಆಟ. ಕೊನೆಯಲ್ಲಿ ಗೆದ್ದದ್ದು ನಕಮುರಾ. ಅದೂ ಹೇಗೆ? ಕೊನೇ ಮನೆ ಮುಟ್ಟಿದ ಕಾಲಾಳುಗಳನ್ನು ರಾಣಿ ಮಾಡಿಕೊಳ್ಳದೆ, ಬಲ ಕಡಿಮೆ ಇರುವ ಒಂಟೆಗಳನ್ನು ಮಾಡಿಕೊಂಡು.

ಮೂರು ನಿಮಿಷ ಅಂದರೆ 180 ಸೆಕೆಂಡ್. 271 ನಡೆ. ಒಂದು ನಡೆಗೆ ಮುಕ್ಕಾಲು ಸೆಕೆಂಡ್ ಕೂಡ ಇಲ್ಲ. ಅಷ್ಟರಲ್ಲಿ ಆ ಹುಡುಗ ಯಂತ್ರದ ಸ್ವಭಾವ ಓದಿದ್ದ. ಅದರ ಲೆಕ್ಕದ ಶಕ್ತಿಯನ್ನು ಮುಟ್ಟಲು ಹೋಗಲಿಲ್ಲ, ಅದರ ದುರಾಸೆಯ ಮೇಲೆ ಆಡಿದ. ಎಷ್ಟು ಸಲ ನೋಡಿದರೂ ನನಗೆ ಆ ಆಟ ಸಾಕು ಅನಿಸಿಲ್ಲ.

ಆ ಬಾಗಿಲು ಈಗ ಮುಚ್ಚಿದೆ. ಸ್ಟಾಕ್‌ಫಿಶ್ ಅನ್ನುವ ಇಂಜಿನ್ ಬಿಟ್ಟಿಯಾಗಿ ಎಲ್ಲರ ಮೊಬೈಲಿನಲ್ಲೂ ಸಿಗುತ್ತದೆ, ಯಾವ ವಿಶ್ವ ಚಾಂಪಿಯನ್‌ಗಿಂತಲೂ ಬಲವಾಗಿ ಆಡುತ್ತದೆ. ಲೀಚೆಸ್ ಅನ್ನುವ ಚೆಸ್ ಜಾಲತಾಣದಲ್ಲಿ ಲೀಲಾ ಅನ್ನುವ ಇಂಜಿನ್ನಿನ ಒಂದು ಬಾಟ್, ಅಂದರೆ ತಾನೇ ಆಡುವ ಕಂಪ್ಯೂಟರ್ ಖಾತೆ, ಇದೆ. ಅದು ಶುರುವಿನಲ್ಲೇ ತನ್ನ ಒಂದು ಕುದುರೆ ಇಲ್ಲದೆ ಆಟಕ್ಕೆ ಇಳಿಯುತ್ತದೆ. ಬ್ಲಿಟ್ಜ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳೂ ಅದಕ್ಕೆ ಸೋತಿದ್ದಾರೆ. ಸಮಯ ಜಾಸ್ತಿ ಇದ್ದರೆ ಮನುಷ್ಯ ಕುದುರೆಯ ಲಾಭ ಉಳಿಸಿಕೊಳ್ಳಬಹುದು. ಮೂರು ನಿಮಿಷದಲ್ಲಿ ತುಂಬಾ ಕಷ್ಟ.

ಇದನ್ನು ನೋಡಿ ಕೆಲವರು "ಹಾಗಾದರೆ ಮನುಷ್ಯರು ಆಡಿ ಏನು ಉಪಯೋಗ?" ಅಂತ ಕೇಳುತ್ತಾರೆ. ನನಗೆ ಆ ಪ್ರಶ್ನೆಯೇ ಅರ್ಥ ಆಗುವುದಿಲ್ಲ. ಎಂಟು ಸೆಕೆಂಡ್ ಉಳಿದಾಗ ಕೈ ನಡುಗುವುದು, ಎದುರಿನವನ ಗಡಿಯಾರವನ್ನು ಓರೆಗಣ್ಣಲ್ಲಿ ನೋಡುವುದು, ಅವನು ಇದನ್ನೇ ಆಡುತ್ತಾನೆ ಅಂತ ಊಹಿಸಿ ನಮ್ಮ ನಡೆಯನ್ನು ಮೊದಲೇ ಒತ್ತಿಡುವ ಪ್ರೀಮೂವ್ ಹಾಕುವುದು, ಅವನು ಬೇರೆ ಏನೋ ಆಡಿದಾಗ ನಮ್ಮ ರಾಣಿ ಹೋಗುವುದು. ಗಡಿಯಾರ ಇಬ್ಬರನ್ನೂ ಹೆದರಿಸಿದರೆ ತಾನೇ ಆಟ. ಯಂತ್ರಕ್ಕೆ ಸಮಯ ಒಂದು ಸಂಖ್ಯೆ. ನಮಗೆ ಅದು ಎದೆಬಡಿತ.

ನನಗೆ ನಿಜವಾಗಿ ನೋವು ಕೊಡುವುದು ಸೋಲಲ್ಲ, ಅನುಮಾನ. ಮೊದಲು ಯಂತ್ರದ ಹೆಸರಿನ ಪಕ್ಕ ಗುರುತು ಇರುತ್ತಿತ್ತು. ಈಗಲೂ ನೇರವಾಗಿ ಆಡುವ ಬಾಟ್‌ಗಳಿಗೆ ಲೀಚೆಸ್‌ನಲ್ಲಿ ಗುರುತು ಇದೆ. ಆದರೆ ಮನುಷ್ಯನ ಹೆಸರಿನ ಹಿಂದೆ ಅಡಗಿ ಕೂತ ಇಂಜಿನ್‌ಗೆ ಗುರುತು ಇಲ್ಲ. 2021ರ ಜೂನ್‌ನಲ್ಲಿ ಕೋವಿಡ್ ಪರಿಹಾರಕ್ಕೆ ಹಣ ಕೂಡಿಸಲು ವಿಶ್ವನಾಥನ್ ಆನಂದ್ ಅವರು ಗಣ್ಯರ ಜೊತೆ ಆನ್‌ಲೈನ್‌ನಲ್ಲಿ ಆಡಿದ್ದು ನಿಮಗೆ ನೆನಪಿರಬಹುದು. ನಮ್ಮ ಸುದೀಪ್ ಕೂಡ ಆಡಿದ್ದರು. ಅವತ್ತು ಬೆಂಗಳೂರಿನ ಒಬ್ಬ ಉದ್ಯಮಿ ಆನಂದ್ ಅವರನ್ನು ಸೋಲಿಸಿದರು. ಮಾರನೇ ದಿನ ಕಂಪ್ಯೂಟರ್ ಸಹಾಯ ಇತ್ತು ಅಂತ ಅವರೇ ಒಪ್ಪಿಕೊಂಡು ಕ್ಷಮೆ ಕೇಳಿದರು. ಒಳ್ಳೇ ಕೆಲಸಕ್ಕೆ ಅಂತ ಕೂತ ಆಟದಲ್ಲೂ ಹೀಗಾದರೆ ಮಕ್ಕಳು ಯಾರನ್ನು ನಂಬಬೇಕು?

ಆದರೆ ಅನುಮಾನ ಇನ್ನೊಂದು ಕಡೆಯಿಂದಲೂ ಕುಯ್ಯುತ್ತದೆ. ಇದನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಲಾಕ್‌ಡೌನ್ ಸಮಯದಲ್ಲಿ ಪರಿಚಿತರೆಲ್ಲ ಸೇರಿ ಒಂದು ಆನ್‌ಲೈನ್ ಟೂರ್ನಮೆಂಟ್ ನಡೆಸಿದರು. ಒಂದು ರಾತ್ರಿ ನನ್ನ ಕೈ ಚೆನ್ನಾಗಿ ಓಡಿತು. ನನಗಿಂತ ಬಲವಾದ ಮೂವರನ್ನು ಸಾಲಾಗಿ ಗೆದ್ದೆ. ಮೂರನೇ ಆಟದಲ್ಲಿ ಕುದುರೆ ಬಲಿ ಕೊಟ್ಟು ರಾಜನನ್ನು ಬೋರ್ಡಿನ ಮಧ್ಯಕ್ಕೆ ಎಳೆದು ಮೇಟ್ ಮಾಡಿದ್ದೆ. ಜೀವನದಲ್ಲಿ ಅಂಥ ಆಟ ಇನ್ನೊಂದು ಆಡಿಲ್ಲ. ಅರ್ಧ ಗಂಟೆಯಲ್ಲಿ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು "ಇವತ್ತು ಯಾರದೋ ಮೊಬೈಲು ಚೆನ್ನಾಗಿ ಆಡ್ತಿದೆ" ಅಂತ ಬರೆದರು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಾಲ್ಕೈದು ಜನ ಅದಕ್ಕೆ ನಗುವ ಗುರುತು ಒತ್ತಿದರು.

ಏನಂತ ಉತ್ತರ ಕೊಡಲಿ? ನಾನು ಮೋಸ ಮಾಡಿಲ್ಲ ಅಂತ ಹೇಗೆ ತೋರಿಸಲಿ? ಮೋಸ ಮಾಡಿದವನೂ ಅದೇ ಮಾತು ಹೇಳುತ್ತಾನಲ್ವಾ. ಅವತ್ತು ಗುಂಪು ಬಿಟ್ಟೆ. ಆ ಆಟವನ್ನು ಇವತ್ತಿನವರೆಗೂ ತೆರೆದು ನೋಡಿಲ್ಲ.

ಅದಕ್ಕೇ ಅಳಿಯನ ಬಾಯಲ್ಲಿ "ಇವನು ಮನುಷ್ಯ ಅಲ್ಲ" ಅನ್ನುವ ಮಾತು ಬಂದಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ಆ ಕಡೆಯೂ ಒಬ್ಬ ಹುಡುಗ ಇದ್ದಿರಬಹುದು. ಅವನ ಜೀವನದ ಒಳ್ಳೇ ದಿನ ಅದಾಗಿರಬಹುದು.

ಅಪ್ಪ ಅಮ್ಮಂದಿರಿಗೆ ನನ್ನ ಕೋರಿಕೆ ಇಷ್ಟು. ಮಕ್ಕಳು ಸೋತ ಆಟವನ್ನು ಅವರ ಜೊತೆ ಕೂತು ನೋಡಿ. ನಿಮಗೆ ಚೆಸ್ ಬರಬೇಕಂತಿಲ್ಲ, ಪ್ರತಿ ನಡೆಗೆ ಎಷ್ಟು ಸೆಕೆಂಡ್ ಆಯಿತು ಅಂತ ನೋಡಿದರೆ ಸಾಕು. ಬೇರೆ ಪರದೆ ನೋಡಿ ಆಡುವವನಿಗೆ ಸುಲಭದ ನಡೆಗೂ ಐದಾರು ಸೆಕೆಂಡ್, ಕಷ್ಟದ ನಡೆಗೂ ಐದಾರು ಸೆಕೆಂಡ್ ಹಿಡಿಯುವುದು ಸಾಮಾನ್ಯ. ಅದೊಂದೇ ಸಾಕ್ಷಿ ಆಗುವುದಿಲ್ಲ, ಆದರೆ ಮಗುವಿನ ಸಿಟ್ಟು ಇಳಿಯಲು ಅಷ್ಟು ಹೊತ್ತು ಸಾಕು. ಆಮೇಲೂ ಅನುಮಾನ ಇದ್ದರೆ ರಿಪೋರ್ಟ್ ಬಟನ್ ಇದೆ. ಒಂದು ಸಲ ಒತ್ತಿ ಬಿಟ್ಟುಬಿಡಿ. ಚಾಟ್‌ನಲ್ಲಿ, ಗುಂಪಿನಲ್ಲಿ ಹೆಸರು ಹಿಡಿದು ಆಡಿಕೊಳ್ಳಬೇಡಿ.

ಇನ್ನೊಂದು ಮಾತು. ಮೋಸದ ಭಯಕ್ಕೆ ಮಕ್ಕಳನ್ನು ಬರೀ ಬಾಟ್‌ಗಳ ಎದುರು ಕೂರಿಸುವವರು ಇದ್ದಾರೆ. ಬಲ ಇಳಿಸಿದ ಬಾಟ್ ಬಹಳ ಸಲ ಹತ್ತು ನಡೆ ದೇವರಂತೆ ಆಡಿ, ಹನ್ನೊಂದನೆಯದರಲ್ಲಿ ಕಾರಣವೇ ಇಲ್ಲದೆ ರಾಣಿ ಕೊಡುತ್ತದೆ. ಯಾವ ಮನುಷ್ಯನೂ ಹಾಗೆ ತಪ್ಪುವುದಿಲ್ಲ. ಅದರಿಂದ ಮಕ್ಕಳು ಕಲಿಯುವುದು ಆ ತಪ್ಪಿಗೆ ಕಾಯುವುದನ್ನು ಮಾತ್ರ. ಮಾಯಾ ಅಂತ ಒಂದು ಬಾಟ್ ಇದೆ, ಮನುಷ್ಯರು ಆಡಿದ ಲಕ್ಷಾಂತರ ಆಟಗಳನ್ನು ನೋಡಿ ನಮ್ಮ ಹಾಗೇ ತಪ್ಪಲು ಕಲಿತದ್ದು. ಬಾಟ್ ಬೇಕೇ ಬೇಕಂದರೆ ಅದು ಪರವಾಗಿಲ್ಲ. ಆದರೂ ಅದಕ್ಕೆ ಸಮಯ ಮುಗಿಯುವ ಭಯ ಇಲ್ಲ.

ನಿನ್ನೆ ರಾತ್ರಿ ಅಕ್ಕ ಫೋನ್ ಮಾಡಿದ್ದಳು. ಹುಡುಗ ಅದೇ ಎದುರಾಳಿಗೆ ಮತ್ತೆ ಚಾಲೆಂಜ್ ಕಳಿಸಿದ್ದನಂತೆ. ಮೂರು ಆಟ ಆಡಿದರಂತೆ. ಫೋನ್ ಕಸಿದುಕೊಂಡು ಅವನೇ ಹೇಳಿದ: "ಎರಡು ಸೋತೆ ಮಾಮ. ಒಂದು ಗೆದ್ದೆ, ಟೈಮ್ ಮೇಲೆ. ನಂದು ಒಂದೇ ಸೆಕೆಂಡ್ ಉಳಿದಿತ್ತು. ಅವನು ಕೊನೇಲಿ ಗುಡ್ ಗೇಮ್ ಅಂತ ಹಾಕಿದ."