ಸಾಫ್ಟ್‌ವೇರಿಗೆ ಪೌತಿ ಖಾತೆ ಉಂಟಾ?

ನನ್ನ ಸೋದರಮಾವ ತೀರಿಕೊಂಡದ್ದು ಕಳೆದ ವರ್ಷ ಆಟಿ ತಿಂಗಳಲ್ಲಿ. ಆಟಿಯಲ್ಲಿ ಮದುವೆ ಇಲ್ಲ, ಕೋಲ ಇಲ್ಲ, ಮೇಳದ ತಿರುಗಾಟ ಇಲ್ಲ. ಹಾಗಾಗಿ ಅಂಗಡಿಯಲ್ಲಿ ಕೆಲಸವೂ ಇರಲಿಲ್ಲ. ಯಾರ ಆರ್ಡರನ್ನೂ ಅರ್ಧಕ್ಕೆ ಬಿಟ್ಟು ಹೋಗುವ ಜನ ಅಲ್ಲ ಅವರು.

ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡಿನ ಹತ್ತಿರ ಅವರದ್ದೊಂದು ಸಣ್ಣ ಡಿಟಿಪಿ ಅಂಗಡಿ. 25 ವರ್ಷ ನಡೆಸಿದರು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ, ಉತ್ತರಕ್ರಿಯೆಯ ಕಾಗದ. ಅವರ ಉತ್ತರಕ್ರಿಯೆಯ ಕಾಗದವನ್ನೂ ಅವರದ್ದೇ ಕಂಪ್ಯೂಟರಿನಲ್ಲಿ ಅಂಗಡಿಯ ಹುಡುಗ ಮಾಡಿದ. (ಹುಡುಗ ಅಂದರೆ ಈಗ ಅವನಿಗೆ 35. ಬಂದು 12 ವರ್ಷ ಆಯ್ತು, ಹೆಸರು ಮಾತ್ರ ಹುಡುಗ ಅಂತಲೇ ಉಳಿದಿದೆ.) ಹಳೆಯ ಫೈಲ್ ತೆರೆದ, ಹೆಸರು ಮತ್ತು ತಾರೀಕು ಬದಲಿಸಿದ. ಪ್ರೂಫ್ ನೋಡಿದ್ದು ಅತ್ತೆ.

ತೊಂದರೆ ಶುರುವಾದದ್ದು ದೀಪಾವಳಿ ಹತ್ತಿರ ಬಂದಾಗ. ಆರ್ಡರ್ ಬರಲಿಕ್ಕೂ ಆ ಕಂಪ್ಯೂಟರಿನ ಮದರ್‌ಬೋರ್ಡ್ ಹೋಗಲಿಕ್ಕೂ ಸರಿಯಾಯ್ತು. ಹಾರ್ಡ್‌ಡಿಸ್ಕ್ ಉಳಿದಿತ್ತು, ಫೈಲುಗಳೆಲ್ಲ ಇದ್ದವು. ಹೊಸ ಕಂಪ್ಯೂಟರ್ ತಂದೆವು. ಅಲ್ಲಿಗೆ ಮುಗಿಯಿತು ಅಂದುಕೊಂಡೆ ನಾನು.

ಮಾವನ ಹತ್ತಿರ ಮುಖ್ಯವಾಗಿ ಎರಡು ಸಾಫ್ಟ್‌ವೇರ್ ಇದ್ದವು. ಒಂದು ಕನ್ನಡ ಫಾಂಟಿನ ಪ್ಯಾಕೇಜು. ಅದು ಲಾಕ್‌ನದ್ದು. ಡಿಟಿಪಿಯವರಿಗೆ ಗೊತ್ತಿರುತ್ತದೆ, ಹೆಬ್ಬೆರಳಿನಷ್ಟು ದೊಡ್ಡದು, ಕಂಪ್ಯೂಟರಿನ ಹಿಂದೆ ಚುಚ್ಚುವುದು. ಅದಿದ್ದರೆ ಅಕ್ಷರ ಮೂಡುತ್ತದೆ, ಇಲ್ಲದಿದ್ದರೆ ಇಲ್ಲ. ಹಳೆ ಫೈಲುಗಳೆಲ್ಲ ಯೂನಿಕೋಡಿಗಿಂತ ಹಿಂದಿನ ಫಾಂಟಿನವು. ಆ ಫಾಂಟ್ ಇಲ್ಲದೆ ತೆರೆದರೆ ‘ಶ್ರೀ ಗಣೇಶಾಯ ನಮಃ’ ಇದ್ದಲ್ಲಿ ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚುಕ್ಕೆಗಳ ಸಾಲು ಕಾಣುತ್ತದೆ. ನಾವು ಆ ಲಾಕ್ ಕಿತ್ತು ಹೊಸದಕ್ಕೆ ಚುಚ್ಚಿದೆವು, ಕೆಲಸ ಮಾಡಿತು. ನೀನು ಯಾರು, ಅವರಿಗೆ ಏನಾಗಬೇಕು ಅಂತ ಯಾರೂ ಕೇಳಲಿಲ್ಲ. ಲಾಕ್‌ಗೆ ಆ ಕಾಲದಲ್ಲಿ ನಾವು ಎಷ್ಟು ಬೈದಿದ್ದೇವೆ! ಈಗ ನೋಡಿದರೆ ಅದೇ ಮರ್ಯಾದಸ್ಥ. ಅಂಗಡಿಯ ಬೀಗದ ಕೈಯ ಹಾಗೆ ಮಾವನ ಕೈಯಿಂದ ಅತ್ತೆಯ ಕೈಗೆ ಬಂತು.

ಇನ್ನೊಂದು ಪುಟ ಕಟ್ಟುವ ಸಾಫ್ಟ್‌ವೇರ್. 2009ರಲ್ಲಿ ತಗೊಂಡದ್ದು. ಚಂದಾ ಅಲ್ಲ, ಒಂದೇ ಸಲ ಪೂರ್ತಿ ದುಡ್ಡು ಕೊಟ್ಟು ತಗೊಂಡದ್ದು. ಡಬ್ಬ ಉಂಟು, ಸಿಡಿ ಉಂಟು, ಬಿಲ್ ಉಂಟು, ಬಿಲ್ಲಿನಲ್ಲಿ ವ್ಯಾಟ್ ಕಟ್ಟಿದ್ದೂ ಉಂಟು. ಮಾವ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗೋದ್ರೆಜಿನಲ್ಲಿ ಜಾಗದ ಪತ್ರದ ಜೊತೆ ಇಟ್ಟಿದ್ದರು. ಹೊಸ ಕಂಪ್ಯೂಟರಿನಲ್ಲಿ ಅದರ ಲೈಸೆನ್ಸ್ ಕೀ ಹಾಕಿದೆವು. ಈ ಕೀ ಬೇರೆ ಕಂಪ್ಯೂಟರಿನಲ್ಲಿ ಬಳಕೆಯಲ್ಲಿದೆ, ಮೊದಲು ಅಲ್ಲಿಂದ ತೆಗೆಯಿರಿ ಅಂತ ಬಂತು. ಅಲ್ಲಿಂದ ತೆಗೆಯಲಿಕ್ಕೆ ಆ ಕಂಪ್ಯೂಟರೇ ಇಲ್ಲವಲ್ಲ. ಹಾಗಾದರೆ ಖಾತೆಗೆ ಲಾಗಿನ್ ಆಗಬೇಕು. ಪಾಸ್‌ವರ್ಡ್ ಗೊತ್ತಿದ್ದದ್ದು ಒಬ್ಬರಿಗೆ.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಸ್ಪೀಕರಿನಲ್ಲಿ ಇಟ್ಟಿದ್ದೆ. ಹುಡುಗಿ ಪಾಪ, ತುಂಬಾ ಮೆತ್ತಗೆ ಮಾತಾಡಿದಳು. ಆದರೆ ಖಾತೆದಾರರೇ ಲೈನಿಗೆ ಬರಬೇಕು ಅಂತ ಮೂರು ಸಲ ಹೇಳಿದಳು. ಮೂರನೇ ಸಲಕ್ಕೆ ಅತ್ತೆ ಕುರ್ಚಿಯಿಂದಲೇ ಹೇಳಿದರು: “ಅವರು ಲೈನಿಗೆ ಸಿಗುವುದಾದರೆ ಮೊದಲು ನನಗೆ ಕೊಡ್ಲಿಕ್ಕೆ ಹೇಳು ಮಾರಾಯ. ನನಗೆ ಮಾತಾಡ್ಲಿಕ್ಕುಂಟು.”

ನಂತರ ಮೇಲ್ ಮಾಡಿ ಅಂದರು, ಮಾಡಿದೆ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಮಾಡಿಸಿದ ವಂಶವೃಕ್ಷ, 2009ರ ಬಿಲ್ಲಿನ ಫೋಟೋ, ಎಲ್ಲ ಕಳಿಸಿದೆ. ಒಂದೂವರೆ ತಿಂಗಳು ಹಿಂದೆಮುಂದೆ ಮೇಲ್ ಓಡಾಡಿತು. ಕೊನೆಗೆ ಬಂದ ಉತ್ತರ ಇಷ್ಟೇ. ತುಂಬಾ ವಿಷಾದ. ಲೈಸೆನ್ಸ್ ವೈಯಕ್ತಿಕ, ಬೇರೆಯವರಿಗೆ ವರ್ಗಾಯಿಸಲು ಬರುವುದಿಲ್ಲ. ಅದರ ಕೆಳಗೇ ಹೊಸ ಚಂದಾದ ಲಿಂಕು.

ಯಾವ ಕಂಪನಿ ಅಂತ ಕಮೆಂಟಿನಲ್ಲಿ ಕೇಳಬೇಡಿ, ಹೇಳುವುದಿಲ್ಲ. ಒಂದಿಬ್ಬರ ಸಮಸ್ಯೆ ಅಲ್ಲ ಇದು. ನೀವು ಓದದೆ ‘ಒಪ್ಪಿದ್ದೇನೆ’ ಅಂತ ಒತ್ತಿದ ಉದ್ದದ ಪತ್ರ ಉಂಟಲ್ಲ, ತುಂಬಾ ಸಾಫ್ಟ್‌ವೇರುಗಳಲ್ಲಿ ಅದರೊಳಗೆ ಈ ಸಾಲು ಇದ್ದೇ ಇರುತ್ತದೆ. ನೀವು ತಗೊಂಡದ್ದು ವಸ್ತು ಅಲ್ಲ, ಬಳಸಲಿಕ್ಕೆ ಅನುಮತಿ. ಅನುಮತಿ ಕೊಟ್ಟದ್ದು ನಿಮಗೆ. ನೀವು ಹೋದರೆ ಅದೂ ಹೋಯಿತು.

ಇರಲಿ, ಅನುಮತಿ ಅಂತಲೇ ಇಟ್ಟುಕೊಳ್ಳುವ. ಆದರೆ ತೆರಿಗೆ ತಗೊಳ್ಳುವಾಗ ಅದು ಏನಾಗಿತ್ತು? 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಮತ್ತು ಆಂಧ್ರ ಸರಕಾರದ ಕೇಸಿನಲ್ಲಿ ಸುಪ್ರೀಂ ಕೋರ್ಟು, ಸಿಡಿಯಲ್ಲಿ ಹಾಕಿ ಮಾರುವ ರೆಡಿಮೇಡ್ ಸಾಫ್ಟ್‌ವೇರ್ ಒಂದು ಸರಕು, ಮಾರಾಟ ತೆರಿಗೆ ಕಟ್ಟಬೇಕು ಅಂತ ಹೇಳಿತು. 2021ರ ಮಾರ್ಚ್‌ನಲ್ಲಿ ಇನ್ನೊಂದು ದೊಡ್ಡ ತೀರ್ಪು ಬಂತು. ವಿದೇಶಿ ಕಂಪನಿಗೆ ಸಾಫ್ಟ್‌ವೇರಿಗೆ ಕೊಡುವ ದುಡ್ಡು ರಾಯಲ್ಟಿ ಅಲ್ಲ, ಅದು ಸಾಫ್ಟ್‌ವೇರ್ ಇರುವ ಪ್ರತಿಯ ಮಾರಾಟದ ಬೆಲೆ ಅಂತ. ಎರಡೂ ತೆರಿಗೆಯ ಕೇಸು, ವಾರಸಿನದ್ದಲ್ಲ, ಗೊತ್ತು. ಆದರೂ ಅಂಗಡಿಯವನು ಕೊಡುವಾಗ ಸರಕು, ಸರಕಾರ ತೆರಿಗೆ ಹಾಕುವಾಗ ಸರಕು, ಮಾವ ಸತ್ತ ಕೂಡಲೇ ಅನುಮತಿ. ಇದು ಯಾವ ಸೀಮೆಯ ಲೆಕ್ಕ?

ಇನ್ನೂ ತಮಾಷೆ ನೋಡಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಅಂದರೆ ಸಾಹಿತ್ಯ ಕೃತಿಯ ಲೆಕ್ಕವೇ. ಬರೆದವರ ಹಕ್ಕು ಅವರು ಸತ್ತ ಮೇಲೂ 60 ವರ್ಷ ಇರುತ್ತದೆ, ಮಕ್ಕಳು ಮೊಮ್ಮಕ್ಕಳಿಗೂ ಹೋಗಬಹುದು. ಕೊಂಡವನ ಹೆಂಡತಿಗೆ ಮಾತ್ರ 60 ದಿನವೂ ಇಲ್ಲ.

ನಮ್ಮ ಕಡೆ ವಾರಸಿನ ವಿಚಾರದಲ್ಲಿ ಜನ ಕಡಿಮೆ ತಲೆ ಕೆಡಿಸಿಕೊಂಡವರಲ್ಲ. ಅಳಿಯಕಟ್ಟು ಇದ್ದ ಊರು ಇದು. ಸಹೋದರಿಯ ಮಕ್ಕಳಿಗೆ ಆಸ್ತಿ ಹೋಗುವ ಪದ್ಧತಿಗೆ 1949ರಲ್ಲಿ ಮದ್ರಾಸಿನ ಕಾಯ್ದೆಯೇ ಬಂದಿತ್ತು. “ಅಳಿಯ ನೀನಲ್ವಾ, ಸಾಫ್ಟ್‌ವೇರ್ ನಿನಗೇ ಬರಬೇಕು” ಅಂತ ಫ್ರೆಂಡ್ಸ್ ತಮಾಷೆ ಮಾಡಿದರು. ಜಾಗದ ಆರ್‌ಟಿಸಿಗೆ ಪೌತಿ ಖಾತೆ ಉಂಟು, ಸತ್ತವರ ಹೆಸರಿನಲ್ಲಿದ್ದ ಜಾಗ ವಾರಸುದಾರರ ಹೆಸರಿಗೆ ಆಗುತ್ತದೆ. ಬ್ಯಾಂಕಿನಲ್ಲಿ ನಾಮಿನಿ ಉಂಟು. ಅಷ್ಟೇಕೆ, ಜಿಎಸ್‌ಟಿಯವರಲ್ಲೂ ದಾರಿ ಉಂಟು. ಅಂಗಡಿಯ ಮಾಲೀಕ ಸತ್ತರೆ ಏನು ಮಾಡಬೇಕು ಅಂತ 2019ರ ಮಾರ್ಚ್‌ನಲ್ಲಿ ಸುತ್ತೋಲೆ ಹೊರಡಿಸಿದ್ದಾರೆ. ವಾರಸುದಾರರು ಹೊಸ ನೋಂದಣಿ ಮಾಡಿಸಿ ಐಟಿಸಿ-02 ಫಾರ್ಮ್ ಹಾಕಿದರೆ ಸತ್ತವರ ಲೆಕ್ಕದಲ್ಲಿ ಉಳಿದ ಕ್ರೆಡಿಟ್ (ಖರೀದಿಯಲ್ಲಿ ಮೊದಲೇ ಕಟ್ಟಿದ ತೆರಿಗೆ) ಇವರ ಲೆಕ್ಕಕ್ಕೆ ಬರುತ್ತದೆ. ತೆರಿಗೆ ಇಲಾಖೆಗೆ ಅರ್ಥ ಆದದ್ದು ಸಾಫ್ಟ್‌ವೇರ್ ಕಂಪನಿಗೆ ಯಾಕೆ ಅರ್ಥ ಆಗುವುದಿಲ್ಲ?

ಮುಂದೆ ಆದದ್ದನ್ನು ಹೇಳಲೋ ಬೇಡವೋ ಅಂತ ಸ್ವಲ್ಪ ಯೋಚನೆ ಮಾಡಿದೆ. ಹೇಳಿಯೇ ಬಿಡುತ್ತೇನೆ.

ಮಾವನ ಸಿಮ್ಮಿಗೆ ಅತ್ತೆ ಪ್ರತಿ ತಿಂಗಳು ರೀಚಾರ್ಜ್ ಮಾಡಿಸುತ್ತಿದ್ದರು. ಯಾಕೆ ಅಂತ ನಾವು ಯಾರೂ ಕೇಳಿರಲಿಲ್ಲ. ಒಂದು ದಿನ ಹುಡುಗ ಆ ಫೋನನ್ನು ಎದುರಿಗೆ ಇಟ್ಟುಕೊಂಡು ‘ಪಾಸ್‌ವರ್ಡ್ ಮರೆತಿದೆ’ ಅಂತ ಒತ್ತಿದ. ಒಟಿಪಿ ಬಂತು. ಒಳಗೆ ಹೋದ, ಹಳೆ ಕಂಪ್ಯೂಟರನ್ನು ಪಟ್ಟಿಯಿಂದ ತೆಗೆದ, ಹೊಸದನ್ನು ಸೇರಿಸಿದ. ಎರಡು ನಿಮಿಷವೂ ಆಗಲಿಲ್ಲ.

ನನಗೆ ಸಿಟ್ಟು ಬಂದದ್ದು ಆಗ. ಸತ್ತಿದ್ದಾರೆ ಅಂತ ನಿಜ ಹೇಳಿ, ಸರಕಾರದ ಮೊಹರು ಬಿದ್ದ ಕಾಗದ ಕೊಟ್ಟವರಿಗೆ ಬಾಗಿಲು ಹಾಕಿದರು. ಬದುಕಿದ್ದಾರೆ ಅಂತ ಸುಳ್ಳು ಹೇಳಿದವನಿಗೆ ತೆರೆದರು. ಅತ್ತೆಗೆ ಅದು ಸರಿ ಬರಲೇ ಇಲ್ಲ. “ಅವರ ಹೆಸರಲ್ಲಿ ನಾವು ಒಳಗೆ ಹೋಗುವುದು ಎಂತದು? ನಾವೆಂತ ಕದ್ದದ್ದಾ?” ಅಂದರು. ನಾನು ಸುಮ್ಮನಿದ್ದೆ.

ಕಂಪನಿಯವರ ಮಾತಿನಲ್ಲೂ ಅರ್ಧ ನ್ಯಾಯ ಉಂಟು, ಅದನ್ನೂ ಹೇಳಬೇಕು. ಹುಡುಗ ಮಾವನ ಮೇಲ್ ತೆರೆಯಲಿಕ್ಕೆ ಹೊರಟಾಗ ಬೇಡ ಅಂದವನು ನಾನೇ. ಮೇಲ್ ಬೇರೆ. ಅದರಲ್ಲಿ ಅವರು ಯಾರಿಗೆ ಏನು ಬರೆದಿದ್ದಾರೋ, ಅದು ಅವರ ಜೊತೆಗೇ ಹೋಗಲಿ. ಯಾರಿಗಾದರೂ ಕೊಡಬೇಕು ಅಂತಿದ್ದರೆ ಗೂಗಲ್‌ನಲ್ಲಿ 2013ರಿಂದಲೇ ಒಂದು ವ್ಯವಸ್ಥೆ ಉಂಟು. ಇಷ್ಟು ತಿಂಗಳು ನಾನು ಖಾತೆ ಮುಟ್ಟದಿದ್ದರೆ ಇಂಥವರಿಗೆ ತಿಳಿಸಿ, ಇಂಥದ್ದನ್ನು ಮಾತ್ರ ಕೊಡಿ ಅಂತ ಬದುಕಿರುವಾಗಲೇ ಬರೆದಿಡಬಹುದು. ಆಪಲ್‌ನಲ್ಲಿ 2021ರ ಕೊನೆಗೆ ಅಂಥದ್ದು ಬಂತು. ಆದರೆ ಅಲ್ಲೂ ಫೋಟೋ, ಮೆಸೇಜ್ ಕೊಡುತ್ತಾರೆಯೇ ಹೊರತು ದುಡ್ಡು ಕೊಟ್ಟು ತಗೊಂಡ ಸಿನಿಮಾ, ಹಾಡು, ಪುಸ್ತಕ ಕೊಡುವುದಿಲ್ಲ. ನನಗಂತೂ ಇದು ಉಲ್ಟಾ ಕಾಣುತ್ತದೆ. ಗುಟ್ಟಿನದ್ದನ್ನು ಕೊಡುವಾಗ ಹತ್ತು ಸಲ ಯೋಚಿಸಲಿ. ಕಾಸು ಕೊಟ್ಟು ತಂದದ್ದರಲ್ಲಿ ಎಂತ ಗುಟ್ಟು?

ತಿಂಗಳು ತಿಂಗಳು ದುಡ್ಡು ಕಟ್ಟುವ ಚಂದಾ ನಿಂತರೆ ನನ್ನ ತಕರಾರಿಲ್ಲ. ಪೇಪರಿನವನು ಹಾಗೇ ಅಲ್ವಾ, ದುಡ್ಡು ನಿಂತರೆ ಪೇಪರ್ ನಿಂತಿತು. ಪೂರ್ತಿ ಬೆಲೆ ಕೊಟ್ಟು, ಅವಧಿ ಇಲ್ಲದೆ ತಗೊಂಡದ್ದರ ಮಾತು ನನ್ನದು. ಯುರೋಪಿನ ಕೋರ್ಟು 2012ರಲ್ಲೇ ಒರೇಕಲ್ ಕಂಪನಿಯ ಕೇಸಿನಲ್ಲಿ, ಹಾಗೆ ಕೊಂಡ ಸಾಫ್ಟ್‌ವೇರನ್ನು ಕೊಂಡವನು ಮರುಮಾರಾಟ ಮಾಡಬಹುದು, ಕಂಪನಿ ತಡೆಯುವ ಹಾಗಿಲ್ಲ ಅಂದಿದೆ. ಗುರುತಿಲ್ಲದವನಿಗೆ ಮಾರಬಹುದಾದರೆ ಹೆಂಡತಿಗೆ ಬಿಟ್ಟು ಹೋಗಲಿಕ್ಕೆ ಏನು ಅಡ್ಡಿ? ನಮ್ಮಲ್ಲೂ ಯಾರಾದರೂ ಅಂಥ ಕೇಸು ಹಾಕಬೇಕು. ಮಾವನ ಅಂಗಡಿಯ ಸಾಫ್ಟ್‌ವೇರಿಗಾಗಿ ದೆಹಲಿಗೆ ಹೋಗುವ ತಾಕತ್ತು ನಮಗಂತೂ ಇಲ್ಲ.

ಆ ಹಳೇ ಕಂಪ್ಯೂಟರಿನ ಕೀಬೋರ್ಡನ್ನು ನಾನು ಮನೆಗೆ ತಂದಿದ್ದೇನೆ. ಅದರಲ್ಲಿ ‘ಎಫ್’ ಕೀಯ ಮೇಲಿನ ಅಕ್ಷರ ಪೂರ್ತಿ ಸವೆದಿದೆ. ಕನ್ನಡ ಟೈಪ್ ಮಾಡುವವರಿಗೆ ಯಾಕೆ ಅಂತ ಗೊತ್ತು, ಒತ್ತಕ್ಷರ ಬರಬೇಕಾದರೆ ಎಫ್ ಒತ್ತಬೇಕು. ಆ ಕೀಲಿಮಣೆ ವಿನ್ಯಾಸ ಮಾಡಿದ ಕೆ.ಪಿ. ರಾವ್ ನಮ್ಮ ಕಿನ್ನಿಕಂಬಳದವರು. ಅದನ್ನು ಅವರು ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ, ಹಾಗೇ ಬಿಟ್ಟುಕೊಟ್ಟರು. ಕನ್ನಡ ಟೈಪ್ ಮಾಡುವ ‘ನುಡಿ’ ಸಾಫ್ಟ್‌ವೇರಿನಲ್ಲಿ ಇರುವುದೂ ಅದೇ. ಹೈಸ್ಕೂಲ್ ರಜೆಯಲ್ಲಿ ಮಾವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದೂ ಅದನ್ನೇ. ಈ ಪೋಸ್ಟನ್ನು ಅದರಲ್ಲೇ ಹೊಡೆಯುತ್ತಿದ್ದೇನೆ.

ಸಿಮ್ ಈಗ ಅತ್ತೆಯ ಹೆಸರಿಗೆ ಆಗಿದೆ. ಮೊಬೈಲ್ ಅಂಗಡಿಯಲ್ಲಿ ಮರಣ ಪ್ರಮಾಣಪತ್ರ ಮತ್ತು ಆಧಾರ್ ಕೊಟ್ಟೆವು, ಮಾಡಿಕೊಟ್ಟರು. ನಿಮ್ಮ ಮನೆಯಲ್ಲೂ ಯಾರಾದರೂ ಹೋದರೆ ಸಿಮ್ ಮಾತ್ರ ಅವಸರದಲ್ಲಿ ಬಂದ್ ಮಾಡಬೇಡಿ. ಬಳಕೆಯೂ ಇಲ್ಲದೆ, ಬ್ಯಾಲೆನ್ಸೂ ಇಲ್ಲದೆ 90 ದಿನ ಬಿಟ್ಟರೆ ಪ್ರಿಪೇಯ್ಡ್ ನಂಬರ್ ಹೋಗಬಹುದು, ಆಮೇಲೆ ಒಟಿಪಿ ಇನ್ಯಾರಿಗೋ.

ಮೊನ್ನೆ ನಾನು ಅಂಗಡಿಯಲ್ಲಿ ಇದ್ದಾಗಲೇ ಆ ನಂಬರಿಗೆ ಒಂದು ಫೋನ್ ಬಂತು. ಬ್ರಹ್ಮಾವರದ ಕಡೆಯವರು. ದೊಡ್ಡ ಮಗಳ ಮದುವೆ ಕಾಗದ ಮಾವನೇ ಮಾಡಿಕೊಟ್ಟದ್ದಂತೆ, ಈಗ ಸಣ್ಣವಳದ್ದು, ಅದೇ ನಮೂನೆಯದ್ದು 300 ಬೇಕಂತೆ. ಮಾವ ಇಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಅತ್ತೆ ಹೇಳಿದರು. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹುಡುಗ ಅಷ್ಟರಲ್ಲಿ ಕಂಪ್ಯೂಟರಿನಲ್ಲಿ ಹುಡುಕಿ ಅತ್ತೆಗೆ ಕೈಸನ್ನೆ ಮಾಡಿದ.

“ಫೈಲ್ ಉಂಟು” ಅಂದರು ಅತ್ತೆ. “ಹೆಸರು, ತಾರೀಕು ಇದೇ ನಂಬರಿಗೆ ವಾಟ್ಸಾಪ್ ಮಾಡಿ.”